ಸಂಗೀತ ಕಛೇರಿ, ಪ್ರಯಾಣ, ಓಟ: ಮೂರರಲ್ಲಿ ಯಾವುದನ್ನು ಬಿಡಬೇಕು?

ಮುಂದಿನ ವರ್ಷಕ್ಕೆ ತಿಂಗಳಿಗೆ ಮೂರು ಸಂಗೀತ ಕಛೇರಿ, ಎರಡು ತಿಂಗಳಿಗೊಂದು ಪ್ರಯಾಣ, ಕೊನೆಗೊಂದು ಫುಲ್ ಮ್ಯಾರಥಾನ್ ಅಂತ ಹಾಕಿಕೊಂಡಿದ್ದೀರಿ. ಯಾವುದನ್ನು ಬಿಡಲಿ ಅಂತ ಕೇಳಿದ್ದೀರಿ. ಅದರ ಕೆಳಗೆ ಇನ್ನೊಂದು ಸಾಲು ಬರೆದಿದ್ದೀರಿ: "ಪ್ರಯಾಣದ ದಿನಗಳನ್ನು ಹೇಗೂ ರೆಸ್ಟ್ ಡೇ ಅಂತ ಲೆಕ್ಕ ಹಾಕಿದ್ದೇನೆ." ಅದನ್ನು ಓದಿ ಸುಮ್ಮನೆ ಮುಂದೆ ಹೋಗಲು ನನಗೆ ಆಗಲಿಲ್ಲ.

2023ರಲ್ಲಿ ನಾನೂ ಹಾಗೇ ಲೆಕ್ಕ ಹಾಕಿದ್ದೆ.

ನಾನು ಉಡುಪಿಯವಳು. ಮಣಿಪಾಲದಲ್ಲಿ ಕೆಲಸ, ಕುಂಜಿಬೆಟ್ಟಿನಲ್ಲಿ ಮನೆ. ಮನೆಯಲ್ಲಿ ನಾನು ಮತ್ತು ಅಮ್ಮ. ಆಗ ನನಗೆ 43, ಅಮ್ಮನಿಗೆ 70. ನನ್ನ ಹತ್ತಿರ ಒಂದು ಉದ್ದ ಪುಸ್ತಕ ಉಂಟು, ಅಂಗಡಿಯವರು ಸಾಲದ ಲೆಕ್ಕ ಬರೆಯುತ್ತಾರಲ್ಲ, ಅಂಥದ್ದು. ಅದರಲ್ಲಿ ದಿನಕ್ಕೊಂದು ಚೌಕ ಹಾಕಿದ್ದೆ. ಓಡಿದರೆ ಎಷ್ಟು ಕಿಲೋಮೀಟರ್ ಅಂತ ಬರೆಯುವುದು, ಕಛೇರಿಗೆ ಹೋದರೆ 'ಕ', ವಿಶ್ರಾಂತಿಯ ದಿನಕ್ಕೆ 'ವಿ'. ವರ್ಷದ ಕೊನೆಗೆ ಕೂಡಿಸಿದರೆ 1,480 ಕಿ.ಮೀ. ಓಟ, 46 ಕಛೇರಿ, 7 ಪ್ರಯಾಣ, 88 'ವಿ'. 88 ಕಡಿಮೆ ಏನಲ್ಲ, ವಾರಕ್ಕೆ ಒಂದೂವರೆ ದಿನಕ್ಕಿಂತ ಜಾಸ್ತಿ. ಆದರೂ ಡಿಸೆಂಬರ್ 31ರ ಬೆಳಿಗ್ಗೆ ನನ್ನ ಎಡಗಾಲಿನ ಎಲುಬು ಬಿರುಕು ಬಿಟ್ಟಿತ್ತು.

ಆ ವರ್ಷ ಅಷ್ಟೊಂದು ತುಂಬಿಕೊಂಡದ್ದಕ್ಕೆ ಕಾರಣ ಇತ್ತು. ಅಮ್ಮ ಹುಡುಗಿಯಾಗಿದ್ದಾಗ ಸಂಗೀತ ಕಲಿತವಳು. 2019ರ ಅಕ್ಟೋಬರ್‌ನಲ್ಲಿ ಕದ್ರಿ ಗೋಪಾಲನಾಥ್ ತೀರಿಕೊಂಡಾಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಸಜಿಪದ ನಾಗಸ್ವರದವರ ಮನೆಯ ಹುಡುಗ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ, ಅದರಲ್ಲಿ ಗಮಕ, ಅಂದರೆ ಸ್ವರದ ಬಳುಕು, ಬರಿಸಬಹುದು ಅಂತ ಲೋಕಕ್ಕೇ ತೋರಿಸಿಕೊಟ್ಟವರು. ಹತ್ತಿರದಲ್ಲಿ ಅವರ ಕಛೇರಿ ಆದಾಗೆಲ್ಲ ಅಮ್ಮ ಕೇಳುತ್ತಿದ್ದಳು, ಹೋಗುವನಾ ಅಂತ. "ನಮ್ಮೂರಿನವರೇ ಅಲ್ವಾ, ಮುಂದಿನ ಸಲ ಹೋದರಾಯ್ತು" ಅಂತ ನಾನು ಹೇಳುತ್ತಿದ್ದೆ. ಮುಂದಿನ ಸಲ ಬರಲಿಲ್ಲ. ಆಮೇಲೆ ಕೊರೊನಾ ಬಂತು, ಎಲ್ಲ ಕಡೆ ಕಛೇರಿಗಳೇ ನಿಂತುಹೋದವು. ಆ ದಿನಗಳಲ್ಲೇ ನಾನು ಓಡಲು ಶುರು ಮಾಡಿದ್ದು. 2023 ಬಂದಾಗ ಇನ್ನು ಯಾವುದನ್ನೂ ಮುಂದಕ್ಕೆ ಹಾಕುವುದಿಲ್ಲ ಅಂತ ನಿರ್ಧಾರ ಮಾಡಿದೆ.

ಫೆಬ್ರವರಿಯಲ್ಲಿ ಮಣಿಪಾಲ ಮ್ಯಾರಥಾನ್‌ನ 10 ಕಿ.ಮೀ. ಓಡಿದೆ. ಮಣಿಪಾಲದ ಏರು ಗೊತ್ತಲ್ಲ, ಇಳಿದಷ್ಟೂ ಹತ್ತಬೇಕು. ಮಾರ್ಚ್ ಕೊನೆಗೆ ರಾಮನವಮಿ. ಬೆಂಗಳೂರು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯವರು ಸಂಗೀತಕ್ಕೆ ಚಪ್ಪರ ಹಾಕುತ್ತಾರೆ, ಅಲ್ಲಿಗೆ ಅಮ್ಮನ ಜೊತೆ ಹೋದೆ. ಶುಕ್ರವಾರ ರಾತ್ರಿ ಬಸ್ಸು, ಎರಡು ಸಂಜೆ ಕಛೇರಿ, ಭಾನುವಾರ ರಾತ್ರಿ ಮತ್ತೆ ಬಸ್ಸು, ಸೋಮವಾರ ಒಂಬತ್ತಕ್ಕೆ ಆಫೀಸು. ಶಿರಾಡಿ ಘಾಟಿಯ ತಿರುವುಗಳಲ್ಲಿ ಎಷ್ಟು ನಿದ್ದೆ ಬರುತ್ತದೆ ಅಂತ ನಿಮಗೇ ಗೊತ್ತು. ಆದರೂ ಹೋಗುವ ದಿನಕ್ಕೆ ಒಂದು 'ವಿ', ಬರುವ ದಿನಕ್ಕೆ ಒಂದು 'ವಿ' ಬರೆದೆ. ಓಡಲಿಲ್ಲವಲ್ಲ, ಕೂತೇ ಇದ್ದೆನಲ್ಲ, ಹಾಗಾದರೆ ವಿಶ್ರಾಂತಿ ಅಂತ.

ಜೂನ್‌ನಿಂದ ಮಳೆ. ನಮ್ಮ ಕಡೆಯ ಮಳೆಯಲ್ಲಿ ಓಡುವುದು ಇವತ್ತಿಗೂ ನನಗೆ ಎಲ್ಲಕ್ಕಿಂತ ಇಷ್ಟ. ಮೇ ತಿಂಗಳಲ್ಲಿ ಬೆಳಿಗ್ಗೆ ಐದಕ್ಕೆ ಓಡಿದರೂ ಬೆವರು ಒಣಗುವುದೇ ಇಲ್ಲ, ಗಾಳಿಯಲ್ಲೇ ಅಷ್ಟು ನೀರು ಇರುತ್ತದೆ. ಬೆವರು ಒಣಗದಿದ್ದರೆ ಮೈ ತಣಿಯುವುದಿಲ್ಲ, ಎದೆ ಸುಮ್ನೆ ಹೊಡೆದುಕೊಳ್ಳುತ್ತದೆ. ಮಳೆಯಲ್ಲಿ ಆ ಕಷ್ಟ ಇಲ್ಲ. ಒದ್ದೆ ಶೂಗಳಿಗೆ ಹಳೇ ಪೇಪರ್ ತುರುಕಿ ಬಚ್ಚಲೊಲೆಯ ಪಕ್ಕ ಇಡುತ್ತಿದ್ದೆ. ಒಂದು ದಿನ ಅಮ್ಮ ಒಲೆಗೆ ತೆಂಗಿನ ಸಿಪ್ಪೆ ಜಾಸ್ತಿ ಹಾಕಿದ್ದಳು. ಬಂದು ನೋಡಿದರೆ ಬಲಗಾಲಿನ ಶೂ ಅಡಿಯ ಅಂಟು ಬಿಟ್ಟು ಬಾಯಿ ತೆರೆದುಕೊಂಡಿತ್ತು. ಅಮ್ಮ ಅದನ್ನು ದಾರದಿಂದ ಕಟ್ಟಿ, ಮೇಲೆ ಅಡಿಕೆ ಕುಟ್ಟುವ ಕಲ್ಲು ಇಟ್ಟಿದ್ದಳು, ಹಿಡಿದುಕೊಳ್ಳಬಹುದು ಅಂತ. ಆ ಮಳೆಗಾಲ ವಾರಕ್ಕೆ 30 ಕಿ.ಮೀ. ಓಡುತ್ತಿದ್ದೆ, ಒಂದು ಸಣ್ಣ ನೋವೂ ಇರಲಿಲ್ಲ. ನವೆಂಬರ್‌ನಲ್ಲಿ ಮಂಗಳೂರಿನ ಹಾಫ್ ಮ್ಯಾರಥಾನ್ 2 ಗಂಟೆ 21 ನಿಮಿಷಕ್ಕೆ ಮುಗಿಸಿ ಮಂಗಳಾ ಸ್ಟೇಡಿಯಂ ಪಕ್ಕದಲ್ಲಿ ಕೂತು ಕಿತ್ತಳೆ ತಿಂದೆ. ವರ್ಷದ ಅತ್ಯಂತ ಸುಖದ ಬೆಳಿಗ್ಗೆ ಅದು.

ಮುಂದಿನದ್ದು ಮುಂಬೈ. 2024ರ ಜನವರಿ 21, ಫುಲ್, 42.195 ಕಿ.ಮೀ. ಅದಾಗಿ ಒಂಬತ್ತೇ ದಿನಕ್ಕೆ, ಜನವರಿ 30ಕ್ಕೆ, ಪುಷ್ಯ ಬಹುಳ ಪಂಚಮಿ. ತಂಜಾವೂರಿನ ಹತ್ತಿರದ ತಿರುವೈಯಾರಿನಲ್ಲಿ ತ್ಯಾಗರಾಜರ ಆರಾಧನೆ. ಅಲ್ಲಿ ಕಾವೇರಿ ದಂಡೆಯ ಸಮಾಧಿಯ ಎದುರು ನೂರಾರು ಜನ ಒಟ್ಟಿಗೆ ಕೂತು ಅವರ ಐದು ಪಂಚರತ್ನ ಕೃತಿಗಳನ್ನು ಹಾಡುತ್ತಾರೆ. ಒಮ್ಮೆ ಆ ಗುಂಪಿನಲ್ಲಿ ಕೂತು ಹಾಡಬೇಕು ಅನ್ನುವುದು ಅಮ್ಮನ ಐವತ್ತು ವರ್ಷದ ಆಸೆ. ನಾಟ, ಗೌಳ, ಆರಭಿ, ವರಾಳಿ, ಶ್ರೀ, ಐದು ರಾಗದ ಐದೂ ಬಾಯಿಗೆ ಬರುತ್ತದೆ. ವರಾಳಿಯನ್ನು ಗುರುಗಳು ಎದುರು ಕೂರಿಸಿ ಹೇಳಿಕೊಡುವ ಪದ್ಧತಿ ಇಲ್ಲ. ಅದೊಂದನ್ನು ಪಕ್ಕದ ಕೋಣೆಯಲ್ಲಿ ಕೂತು ಕೇಳಿ ಕಲಿತದ್ದು ಅಂತ ಅಮ್ಮ ಹೇಳುತ್ತಾಳೆ. ಅಕ್ಟೋಬರ್‌ನಿಂದಲೇ ದಿನಾ ಬೆಳಿಗ್ಗೆ ಅಭ್ಯಾಸ ಶುರುವಾಗಿತ್ತು. ನಾನು ಓಡಿ ಬಂದು ಶೂ ಬಿಚ್ಚುವಾಗ ಒಳಗೆ ಆರಭಿ ನಡೆಯುತ್ತಿರುತ್ತಿತ್ತು.

ಇನ್ನು ಆ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ದಯವಿಟ್ಟು ತಾಳ್ಮೆಯಿಂದ ಓದಿ.

ಡಿಸೆಂಬರ್ 21ರ ಮಧ್ಯಾಹ್ನ ಮಂಗಳೂರು ಸೆಂಟ್ರಲ್‌ನಲ್ಲಿ ರೈಲು ಹತ್ತಿ ಮರುದಿನ ಬೆಳಿಗ್ಗೆ ಚೆನ್ನೈಯಲ್ಲಿ ಇಳಿದೆವು. ಡಿಸೆಂಬರ್ ಸೀಸನ್, ಅಲ್ಲಿನ ಸಂಗೀತ ಸಭಾಗಳಲ್ಲಿ ದಿನವಿಡೀ ಕಛೇರಿ. ಮೈಲಾಪುರದಲ್ಲಿ ನೆಂಟರ ಮನೆ. ಅಲ್ಲಿ ನನ್ನ ದಿನ ಹೀಗಿತ್ತು: ನಾಲ್ಕೂವರೆಗೆ ಎದ್ದು ಮರೀನಾ ದಂಡೆಯಲ್ಲಿ ಓಟ. ಎಂಟಕ್ಕೆ ಮ್ಯೂಸಿಕ್ ಅಕಾಡೆಮಿಯ ಉಪನ್ಯಾಸ. ಸಂಜೆಯ ಟಿಕೆಟ್‌ಗೆ ಕ್ಯೂ. ಮಧ್ಯಾಹ್ನದ ಉಚಿತ ಕಛೇರಿ, ಅಲ್ಲಿಂದ ಇನ್ನೊಂದು ಸಭಾಕ್ಕೆ ನಡೆದುಕೊಂಡು, ನಾಲ್ಕರ ಕಛೇರಿ, ಮತ್ತೆ ಆರೂವರೆಯದ್ದು. ನಡುವೆ ಸಭಾ ಕ್ಯಾಂಟೀನಿನಲ್ಲಿ ನಿಂತುಕೊಂಡೇ ಎರಡು ಇಡ್ಲಿ. ಮಲಗುವಾಗ ಹನ್ನೊಂದೂವರೆ. ಅಮ್ಮ ದಿನಕ್ಕೆ ಒಂದೇ ಕಛೇರಿಗೆ ಬರುತ್ತಿದ್ದಳು. "ನನಗೆ ಒಂದು ಸಾಕು. ಕೇಳಿದ್ದು ಒಳಗೆ ಇಳಿಯಲಿಕ್ಕೆ ಹೊತ್ತು ಬೇಡವಾ?" ಅಂದಳು. ನಾನು ಆ ಮಾತನ್ನು ಸಂಗೀತಕ್ಕೆ ಮಾತ್ರ ಸಂಬಂಧಪಟ್ಟದ್ದು ಅಂದುಕೊಂಡೆ.

24ರ ಭಾನುವಾರ 26 ಕಿ.ಮೀ. ಓಡಿದೆ. ಓಡದ ಮೂರು ದಿನಗಳಿಗೆ 'ಕ' ಜೊತೆ 'ವಿ'ಯೂ ಬರೆದೆ, ಕಛೇರಿಯಲ್ಲಿ ಕೂತಿರುತ್ತೇನಲ್ಲ ಅಂತ. 27ರ ಸಂಜೆ ಬಾಲ್ಕನಿಯ ಮೆಟ್ಟಿಲು ಇಳಿಯುವಾಗ ಎಡಗಾಲಿನ ಮುಂಗಾಲ ಒಳಬದಿಯಲ್ಲಿ ಏನೋ ಚುಳ್ ಅಂತು. ರಾತ್ರಿ ಮುಲಾಮು ಹಚ್ಚಿದೆ. ಬೆಳಿಗ್ಗೆ ಕಡಿಮೆಯಾಗಿತ್ತು.

29ರ ಮಧ್ಯಾಹ್ನ ಚೆನ್ನೈಯಲ್ಲಿ ರೈಲು. ಸಿಕ್ಕಿದ್ದು ಸೈಡ್ ಅಪ್ಪರ್. ಹದಿನೇಳು ಗಂಟೆ. ಆ ಬರ್ತ್‌ನಲ್ಲಿ ಕಾಲು ಆರಾಮಾಗಿ ಚಾಚಲು ಆಗಲಿಲ್ಲ, ಮೊಣಕಾಲು ಮಡಚಿಯೇ ಮಲಗಿದ್ದೆ. ಪದೇ ಪದೇ ಇಳಿದು ಟಾಯ್ಲೆಟ್‌ಗೆ ಹೋಗುವುದು ಬೇಡ ಅಂತ ನೀರು ಕುಡಿಯಲಿಲ್ಲ. ಹೆಂಗಸರೆಲ್ಲ ಮಾಡುವುದೇ ಹಾಗೆ. ರಾತ್ರಿ ಪ್ರತಿ ಸ್ಟೇಷನ್ನಿನಲ್ಲೂ ಎಚ್ಚರ. ಮಂಗಳೂರಿನಲ್ಲಿ ಇಳಿದಾಗ ಚಪ್ಪಲಿಯ ಪಟ್ಟಿ ಪಾದಕ್ಕೆ ಕಚ್ಚಿ ಹಿಡಿದಿತ್ತು. ಅಮ್ಮ ನೋಡಿ, "ಎಂತ ಮಾರಾಯ್ತಿ, ಕಾಲು ಬೀಗಿದೆಯಲ್ಲ" ಅಂದಳು. ಬಸ್ಸಿನಲ್ಲಿ ಉಡುಪಿಗೆ ಬಂದು, ಬಟ್ಟೆ ಒಗೆದು, ಪುಸ್ತಕ ತೆಗೆದು 29ಕ್ಕೆ 'ವಿ', 30ಕ್ಕೆ 'ವಿ' ಅಂತ ಬರೆದೆ. ಎರಡು ದಿನ ವಿಶ್ರಾಂತಿ ಆಯಿತು, ನಾಳೆ 32 ಓಡಬಹುದು ಅಂತ ನನ್ನ ಲೆಕ್ಕ. ಮುಂಬೈಗೆ ಸರಿಯಾಗಿ ಮೂರು ವಾರ ಇತ್ತು, ದೊಡ್ಡ ಲಾಂಗ್ ರನ್‌ಗೆ ಅದೇ ಕೊನೆಯ ಭಾನುವಾರ.

ನನ್ನ ತಪ್ಪು ನೋವಿನ ಮೇಲೆ ಓಡಿದ್ದು ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸಣ್ಣಪುಟ್ಟ ನೋವಿನ ಮೇಲೆ ಓಡದ ಓಟಗಾರರನ್ನು ನಾನು ನೋಡಿಲ್ಲ. ನನ್ನ ತಪ್ಪು ಆ 'ವಿ'ಗಳು, ಚೆನ್ನೈಯ ಮೂರು, ರೈಲಿನ ಎರಡು. ಪುಸ್ತಕದಲ್ಲಿ ಆ ಐದು 'ವಿ' ಇಲ್ಲದೆ ಹೋಗಿದ್ದರೆ, 22ರಿಂದ 30ರವರೆಗೆ ಒಂದೂ ವಿಶ್ರಾಂತಿಯ ದಿನ ಇಲ್ಲ ಅಂತ ನನ್ನ ಕಣ್ಣಿಗೇ ಕಾಣುತ್ತಿತ್ತು. ಆಗ ನೋವನ್ನು ಬೇರೆ ರೀತಿ ಓದುತ್ತಿದ್ದೆ. ಪುಸ್ತಕ ಸರಿ ಇದೆ ಅನ್ನುವಾಗ ಕಾಲು ಹೇಳಿದ್ದನ್ನು ನಾನು ನಂಬಲಿಲ್ಲ.

31ರಂದು ನಾಲ್ಕೂಮುಕ್ಕಾಲಿಗೆ ಹೊರಟೆ. ಕಲ್ಸಂಕ, ಆದಿಉಡುಪಿ, ಮಲ್ಪೆ, ತೊಟ್ಟಂ, ಹೂಡೆ ದಾಟಿ ಕೋಡಿಬೆಂಗ್ರೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸ್ವರ್ಣಾ ನದಿ, ನಡುವೆ ಒಂದು ರಸ್ತೆ. ಬೆಳಕು ಹರಿಯುವಾಗ ಅಲ್ಲಿ ತಿರುಗಿದೆ. ಹೋಗುವಾಗ ನೋವು ಬಂದು ಹೋಗುತ್ತಿತ್ತು. ವಾಪಸ್ ಬರುವಾಗ ಹೂಡೆಯ ಹತ್ತಿರ ಪ್ರತಿ ಹೆಜ್ಜೆಗೂ ಬರತೊಡಗಿತು. ಮಲ್ಪೆ ಸಮೀಪಿಸುವಾಗ ಹೆಜ್ಜೆ ಊರಲಿಕ್ಕೇ ಆಗಲಿಲ್ಲ. ಒಂದು ಕಾಂಪೌಂಡ್ ಗೋಡೆ ಹಿಡಿದು ಕೂತೆ. ಬೆರಳಿನಿಂದ ಒತ್ತಿ ನೋಡಿದರೆ ನೋವು ಎಲ್ಲ ಕಡೆ ಇರಲಿಲ್ಲ. ಒಂದು ರೂಪಾಯಿ ನಾಣ್ಯದಷ್ಟು ಜಾಗ, ಎಲುಬಿನ ಮೇಲೆಯೇ. ಇದನ್ನು ನೆನಪಿಡಿ. ಸ್ನಾಯುವಿನ ನೋವು ಹೆಚ್ಚಾಗಿ ಉದ್ದಕ್ಕೂ ಹರಡಿರುತ್ತದೆ. ಬೆರಳ ತುದಿಯಲ್ಲಿ ತೋರಿಸಬಹುದಾದ ನೋವು ಎಲುಬಿನದ್ದಿರಬಹುದು, ಅಲ್ಲಿಗೆ ಓಟ ನಿಲ್ಲಿಸಲೇಬೇಕು. ಮೀನಿನ ಬುಟ್ಟಿ ಹೊತ್ತ ಒಬ್ಬ ಹೆಂಗಸು ಬುಟ್ಟಿ ಇಳಿಸಿ "ದಾದ ಆಂಡ್?" ಅಂತ, ಏನಾಯಿತು ಅಂತ, ತುಳುವಿನಲ್ಲಿ ಕೇಳಿ, ನನ್ನ ಜೊತೆ ನಿಂತು ರಿಕ್ಷಾ ಕೈತೋರಿಸಿ ನಿಲ್ಲಿಸಿದರು. ಅವರಿಗೆ ವ್ಯಾಪಾರದ ಹೊತ್ತು. ಆದರೂ ನಾನು ಕೂತು, ರಿಕ್ಷಾ ತಿರುಗುವವರೆಗೆ ಹೋಗಲಿಲ್ಲ.

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಇಂಥ ಬಿರುಕು ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಹೆಚ್ಚಾಗಿ ಕಾಣುವುದೇ ಇಲ್ಲವಂತೆ, ಎಂಆರ್‌ಐಯಲ್ಲಿ ಕಂಡಿತು. ಸ್ಟ್ರೆಸ್ ಫ್ರಾಕ್ಚರ್. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ವಾರಕ್ಕೆ ಎಷ್ಟು ದಿನ ರೆಸ್ಟ್ ತಗೊಳ್ತೀರಿ?" ನಾನು ಪುಸ್ತಕವನ್ನೇ ಕೊಟ್ಟೆ. ಅವರು ಹಾಳೆ ತಿರುಗಿಸಿ ಒಂದು 'ವಿ' ಮೇಲೆ ಬೆರಳಿಟ್ಟರು. "ಈ ದಿನ ಎಲ್ಲಿದ್ರಿ?" ರೈಲಿನಲ್ಲಿ. "ಇದು?" ಅದೂ ರೈಲಿನಲ್ಲಿ. "ಇದು?" ಮೂಡುಬಿದಿರೆಯಲ್ಲಿ ಕಛೇರಿ, ಮನೆಗೆ ಬರುವಾಗ ರಾತ್ರಿ ಒಂದು ಗಂಟೆ. ಅವರು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. ಆಮೇಲೆ ವಿವರಿಸಿದರು. ಓಟ ಹೆಚ್ಚಿಸಿದಾಗ ಎಲುಬು ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುತ್ತದೆ. ಮೊದಲು ಹಳೆಯದನ್ನು ಕೆರೆದು ತೆಗೆಯುತ್ತದೆ, ಆಮೇಲೆ ಹೊಸತು ಕಟ್ಟುತ್ತದೆ. ತೆಗೆಯುವ ಕೆಲಸ ಕೆಲವೇ ವಾರದಲ್ಲಿ ಮುಗಿಯುತ್ತದೆ, ಕಟ್ಟಲು ತಿಂಗಳುಗಟ್ಟಲೆ ಬೇಕು. ಈ ನಡುವಿನ ಹೊತ್ತಿನಲ್ಲಿ ಎಲುಬು ಮೊದಲಿಗಿಂತ ದುರ್ಬಲ. ಆಗ ಅದಕ್ಕೆ ಬೇಕಾದದ್ದು ನಿದ್ದೆ, ಹೊಟ್ಟೆ ತುಂಬ ಊಟ, ಭಾರ ಬೀಳದ ದಿನ. ನಾನು ಸೆಪ್ಟೆಂಬರ್‌ನ 30 ಕಿ.ಮೀ. ವಾರವನ್ನು ಡಿಸೆಂಬರ್‌ಗೆ 55ಕ್ಕೆ ಏರಿಸಿ, ಆ ಮೂರನ್ನೂ ಒಟ್ಟಿಗೆ ಕಿತ್ತುಕೊಂಡಿದ್ದೆ.

ಆ ರಾತ್ರಿ ಕೆಂಪು ಪೆನ್ ಹಿಡಿದು ಎಲ್ಲ 88 'ವಿ'ಗಳನ್ನು ಮತ್ತೆ ನೋಡಿದೆ. 22 ದಿನ ಬಸ್ಸು, ರೈಲು. 35 ದಿನ ಕಛೇರಿ. ನಿಜವಾಗಿ ಮನೆಯಲ್ಲಿದ್ದು, ಏಳು ಗಂಟೆ ಮಲಗಿ, ಎಲ್ಲಿಗೂ ಹೋಗದ ದಿನಗಳು 31. ನವೆಂಬರ್ 15ರಿಂದ ವರ್ಷದ ಕೊನೆಯವರೆಗೆ, ಆ 47 ದಿನಗಳಲ್ಲಿ, ಬರೀ ಎರಡು.

ಮುಂಬೈ ಹೋಯಿತು. ಮತ್ಸ್ಯಗಂಧಾ ಟಿಕೆಟ್ ರದ್ದು ಮಾಡಿದೆ. ಬಾಂದ್ರಾ-ವರ್ಲಿ ಸೇತುವೆಯ ಮೇಲೆ ಓಡುವಾಗ ಬೆಳಕು ಹರಿಯುವುದನ್ನು ನೋಡಬೇಕು ಅಂತಿದ್ದೆ, ಆ ಭಾನುವಾರ ಕಾಲಿಗೆ ಬೂಟ್ ಕಟ್ಟಿಕೊಂಡು ಮನೆಯಲ್ಲಿ ಕೂತಿದ್ದೆ. ಅದನ್ನು ತಡೆದುಕೊಂಡೆ. ತಡೆದುಕೊಳ್ಳಲು ಆಗದೆ ಹೋದದ್ದು ಜನವರಿ 30. ಕುಂಟುವ ಮಗಳು ಎಪ್ಪತ್ತರ ಅಮ್ಮನನ್ನು ಅಷ್ಟು ದೂರ, ಅಷ್ಟು ಜನರ ನಡುವೆ ಕರೆದುಕೊಂಡು ಹೋಗುವುದು ಹೇಗೆ? ಅಮ್ಮ ಒಂದು ಮಾತೂ ಆಡಲಿಲ್ಲ. ಆ ದಿನ ಬೆಳಿಗ್ಗೆ ಸ್ನಾನ ಮಾಡಿ, ರೇಷ್ಮೆ ಸೀರೆ ಉಟ್ಟು, ದೇವರ ಕೋಣೆಯಲ್ಲಿ ಒಬ್ಬಳೇ ಕೂತು ಐದೂ ಹಾಡಿದಳು. ನಾನು ಬಾಗಿಲ ಹೊರಗೆ ಕುರ್ಚಿಯಲ್ಲಿ ಕೂತು ಕೇಳಿದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಯಾವುದನ್ನು ಬಿಡಬೇಕು ಅಂತ ಕೇಳಿದ್ದೇ ಸರಿಯಿಲ್ಲ. ಮೂರನ್ನೂ ಇಟ್ಟುಕೊಳ್ಳಿ. ಒಂದನ್ನು ಬಿಟ್ಟರೂ ಆ ಜಾಗಕ್ಕೆ ಉಳಿದೆರಡು ಹರಡಿಕೊಳ್ಳುತ್ತವೆ, ನಿಮ್ಮ ಹಾಳೆ ಮತ್ತೆ ಅಷ್ಟೇ ತುಂಬಿರುತ್ತದೆ. ನೀವು ಕೇಳಬೇಕಾದದ್ದು, ಏನೂ ಇಲ್ಲದ ದಿನಗಳು ಯಾವುವು ಅಂತ. ಅವನ್ನು ಮೊದಲು ಬರೆಯಿರಿ, ಓಟ ಕಛೇರಿ ಎಲ್ಲ ಆಮೇಲೆ. ನಾನು ಈಗ ವರ್ಷ ಶುರುವಾಗುವ ಮೊದಲೇ ಪ್ರತಿ ವಾರ ಒಂದು ಚೌಕಕ್ಕೆ ಪೆನ್ಸಿಲ್ಲಿನಿಂದ ಅಡ್ಡಗೆರೆ ಎಳೆದಿಡುತ್ತೇನೆ. ರಾತ್ರಿ ಪ್ರಯಾಣ ಇದ್ದರೆ ಅದರ ಮರುದಿನ ಇನ್ನೊಂದು ಗೆರೆ. ಪ್ರಯಾಣದ ದಿನಕ್ಕೆ ಈಗ 'ಪ್ರ' ಅಂತ ಬರೆಯುತ್ತೇನೆ, 10 ಕಿ.ಮೀ. ಓಡಿದ ಲೆಕ್ಕಕ್ಕೆ ಹಿಡಿಯುತ್ತೇನೆ. ಅದಕ್ಕೆ ಯಾವ ಶಾಸ್ತ್ರವೂ ಇಲ್ಲ, ನನ್ನ ಕಾಲು ಹೇಳಿಕೊಟ್ಟದ್ದು.

ರೇಸ್ ಇರುವ ಊರಿನಲ್ಲೇ ಹಿಂದಿನ ರಾತ್ರಿ ಕಛೇರಿ ಇದೆ, ಒಂದೇ ಟಿಕೆಟ್‌ನಲ್ಲಿ ಎರಡೂ ಆಗುತ್ತದೆ ಅಂತ ನೀವು ಬರೆದಿದ್ದೀರಿ. ಬೇಡ. ಖಂಡಿತ ಬೇಡ. ಎರಡರಲ್ಲಿ ಒಂದನ್ನು ಗಡಿಯಾರ ನೋಡುತ್ತಾ ಕಳೆಯುತ್ತೀರಿ. ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನದ ಹೊತ್ತಿಗೆ ಎದ್ದು ಹೋಗುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ, ನಾನೇ ಹಾಗೆ ಮೂರು ಸಲ ಎದ್ದು ಹೋಗಿದ್ದೇನೆ. ತಿಂಗಳಿಗೆ ಮೂರು ಕಛೇರಿ ಬೇಕಾದರೆ ಎರಡು ಮಂಗಳೂರು ಉಡುಪಿಯಲ್ಲೇ ಇರಲಿ. ಕೃಷ್ಣಮಠದ ರಾಜಾಂಗಣದಲ್ಲಿ ಟಿಕೆಟ್ಟಿಲ್ಲದೆ ಕೂತು ಕೇಳಿ ಒಂಬತ್ತೂವರೆಗೆ ಮನೆಗೆ ಬಂದು ಮಲಗಬಹುದು. ಮೊದಲ ಫುಲ್‌ಗೆ ಅವಸರ ಮಾಡಬೇಡಿ, ನಿಮಗೆ ಬರೀ 29. ನವೆಂಬರ್‌ನಲ್ಲಿ ನಿಮ್ಮ ಮಂಗಳೂರಿನಲ್ಲೇ ಹಾಫ್ ಓಡಿ, ಹಿಂದಿನ ರಾತ್ರಿ ನಿಮ್ಮದೇ ಹಾಸಿಗೆಯಲ್ಲಿ ನಿದ್ದೆ. ಲಾಂಗ್ ರನ್ ಮುಗಿಸಿ ಬಂದು ಬರೀ ನೀರು ಕುಡಿದು ಮಲಗಬೇಡಿ. ಕುಚ್ಚಲಕ್ಕಿ ಗಂಜಿ, ಉಪ್ಪು, ಮಿಡಿ ಉಪ್ಪಿನಕಾಯಿ. ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬರಬೇಕು.

ನಾನು 2024ರ ಮೇ ತಿಂಗಳಿನಿಂದ ಮತ್ತೆ ಓಡಲು ಶುರು ಮಾಡಿದೆ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಫುಲ್ ಇನ್ನೂ ಓಡಿಲ್ಲ. 2025ರಲ್ಲಿ ಓಡಬಹುದಿತ್ತು. ಆದರೆ ಆ ವರ್ಷ ಮುಂಬೈ ಜನವರಿ 19ಕ್ಕೆ ಬಂತು, ಬಹುಳ ಪಂಚಮಿ 18ಕ್ಕೆ. ಕ್ಯಾಲೆಂಡರ್ ನೋಡಿದ ದಿನವೇ ತಿರುವೈಯಾರು ಅಂತ ಬರೆದೆ.

ಈರೋಡಿನಲ್ಲಿ ರೈಲು ಬದಲಾಯಿಸಿ 16ಕ್ಕೇ ತಂಜಾವೂರು ಮುಟ್ಟಿದೆವು. 17ಕ್ಕೆ ಅಡ್ಡಗೆರೆ. ಇಡೀ ದಿನ ರೂಮಿನಲ್ಲಿ ಮಲಗಿದೆವು, ಸಂಜೆ ಎದುರಿನ ಹೋಟೆಲಿಗೆ ಹೋಗಿ ದೋಸೆ ತಿಂದೆವು, ಅಷ್ಟೇ. 18ರ ಬೆಳಿಗ್ಗೆ ಚಪ್ಪರದಲ್ಲಿ ಅಮ್ಮನಿಗೆ ಮೊಣಕಾಲು ಮಡಚಲು ಕಷ್ಟವಾಗಿ ಮಡಚುವ ಸ್ಟೂಲ್ ಹಾಕಿ ಕೂರಿಸಿದೆ. ನಾಟ ಶುರುವಾದಾಗ ಅಮ್ಮನ ಸ್ವರ ನನಗೆ ಬೇರೆಯಾಗಿ ಕೇಳುತ್ತಿತ್ತು. ಆರಭಿಯ ಹೊತ್ತಿಗೆ ಗುಂಪಿನಲ್ಲಿ ಸೇರಿಹೋಯಿತು. ವರಾಳಿಯಲ್ಲಿ ಅವಳು ಕಣ್ಣು ಮುಚ್ಚಿದ್ದಳು. ಶ್ರೀರಾಗ ಮುಗಿದು ಜನ ಏಳತೊಡಗಿದರು. ಅಮ್ಮ ಬಾಟಲಿಯಿಂದ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, "ನಾಳೆ ಎಂತ ಉಂಟು?" ಅಂತ ಕೇಳಿದಳು.

"ನಾಳೆ ಎಂತ ಇಲ್ಲ ಅಮ್ಮ."

"ಹಾಗಾದ್ರೆ ಸ್ವಲ್ಪ ಹೊತ್ತು ಇಲ್ಲೇ ಕೂರುವ" ಅಂದಳು.